ಹಾಲಿನ ಕವರ್ ಯಾವ ಡಬ್ಬಕ್ಕೆ, ತೆಂಗಿನ ಚಿಪ್ಪು ಯಾವ ಡಬ್ಬಕ್ಕೆ: ಮನೆ ಕಸ ಬೇರೆ ಮಾಡೋದು ಹೇಗೆ, ಯಾಕೆ

2025ರ ಅಕ್ಟೋಬರ್ ಕೊನೇಲಿ ಬೆಂಗಳೂರಲ್ಲಿ ಒಂದು ಸುದ್ದಿ ಎಲ್ಲರ ಮೊಬೈಲಲ್ಲೂ ಓಡಾಡ್ತು. ರಸ್ತೆ ಬದಿ ಕಸ ಎಸೆದವರ ಮನೆ ಪತ್ತೆ ಹಚ್ಚಿ, ಅವರ ಬಾಗಿಲ ಮುಂದೇನೇ ಕಸ ತಂದು ಸುರಿದು, ದಂಡಾನೂ ಹಾಕಿದ ಸುದ್ದಿ. ಅದೇ ವರ್ಷ ಏಪ್ರಿಲ್‌ನಿಂದ ಆಸ್ತಿ ತೆರಿಗೆ ಜೊತೆ ಕಸದ ಶುಲ್ಕಾನೂ ಸೇರ್ಕೊಂಡಿತ್ತು. ಆವಾಗಿಂದ ನಮ್ಮ ಅಪಾರ್ಟ್‌ಮೆಂಟ್ ಗ್ರೂಪಲ್ಲಿ ಕಸದ ಪ್ರಶ್ನೆ ಬರದ ದಿನಾನೇ ಇಲ್ಲ. ಹಾಲಿನ ಕವರ್ ತೊಳೀಬೇಕಾ? ತೆಂಗಿನ ಚಿಪ್ಪು ಹಸೀನಾ ಒಣಾನಾ? ಮುಖ ಒರೆಸಿದ ಟಿಶ್ಯೂ ಎಲ್ಲಿಗೆ? ಮಗು ಡೈಪರ್ ಎಲ್ಲಿಗೆ? ಅಜ್ಜಿ ಮಾತ್ರೆ ಎಕ್ಸ್‌ಪೈರ್ ಆಗಿದ್ಯಲ್ಲ, ಅದೆಲ್ಲಿಗೆ?

ನಮ್ಮ ಬಿಲ್ಡಿಂಗ್‌ನ ಕಸದ ಜವಾಬ್ದಾರಿ ನೋಡ್ಕೊಳ್ಳೋರಲ್ಲಿ ನಾನೂ ಒಬ್ಬ, ಹಾಗಾಗಿ ಈ ಪ್ರಶ್ನೆಗಳಿಗೆಲ್ಲ ಬಿಡಿಬಿಡಿಯಾಗಿ ಉತ್ತರ ಕೊಟ್ಟು ಕೊಟ್ಟು, ಕೊನೆಗೆ ಬುಡದಿಂದ ಒಂದ್ಸಲ ಬರೆದಿಟ್ಟುಬಿಡೋಣ ಅನ್ನಿಸ್ತು. ಬುಡ ಗೊತ್ತಾದ್ರೆ ಪಟ್ಟಿ ಬಾಯಿಪಾಠ ಮಾಡೋ ಅಗತ್ಯ ಇರಲ್ಲ. ಕೈಯಲ್ಲಿ ಯಾವ ವಸ್ತು ಇದ್ರೂ ಒಂದೇ ಪ್ರಶ್ನೆ ಕೇಳ್ಕೊಂಡ್ರೆ ಸಾಕು: ನನ್ನ ಕೈ ಬಿಟ್ಟ ಮೇಲೆ ಇದು ಯಾರ ಕೈಗೆ ಹೋಗತ್ತೆ? ಮಣ್ಣಿಗೆ ಹೋಗೋದು ಹಸಿ ಕಸ. ಗುಜರಿಗೆ ಹೋಗೋದು ಒಣ ಕಸ. ಎರಡಕ್ಕೂ ಬೇಡವಾದದ್ದು ಮೂರನೇದು.

ಎಲ್ಲಾ ಒಂದೇ ಕವರಿಗೆ ಹಾಕಿದ್ರೆ ಏನಾಗತ್ತೆ

ಸಾರಿಗೆ ಉಪ್ಪು ಹಾಕೋದು ಒಂದು ಸೆಕೆಂಡ್ ಕೆಲಸ, ಹಾಕಿದ ಉಪ್ಪನ್ನ ವಾಪಸ್ ತೆಗೆಯೋಕೆ ಯಾರಿಂದಾನೂ ಆಗಲ್ಲ. ಕಸಾನೂ ಹಾಗೇನೇ. ನಿಮ್ಮ ಅಡುಗೆಮನೇಲಿ ಬಾಳೆಹಣ್ಣಿನ ಸಿಪ್ಪೆ ಬೇರೆ, ಪೇಪರ್ ಬೇರೆ, ಶಾಂಪೂ ಬಾಟ್ಲಿ ಬೇರೆ ಆಗೇ ಇರತ್ತೆ, ಅಂದ್ರೆ ಕಸ ಹುಟ್ಟುವಾಗ ಬೇರೆಬೇರೆಯಾಗೇ ಹುಟ್ಟತ್ತೆ, ಅದನ್ನ ಸೇರಿಸೋರು ನಾವು. ಒಂದ್ಸಲ ನಿನ್ನೆ ಉಳಿದ ಮೊಸರು ಅನ್ನ ಪೇಪರ್ ಮೇಲೆ ಬಿತ್ತು ಅಂದ್ರೆ ಆ ಪೇಪರ್ ಮುಗೀತು. ಕಾಗದ ಅಂದ್ರೆ ಮರದ ಸಣ್ಣ ನಾರು, ಅದನ್ನ ನೀರಲ್ಲಿ ನೆನೆಸಿ ಅರೆದು ಮತ್ತೆ ಹೊಸ ಕಾಗದ ಮಾಡ್ತಾರೆ, ಆ ನಾರಿಗೆ ಎಣ್ಣೆ ಜಿಡ್ಡು ಅಂಟಿದ್ರೆ, ಕೊಳೆತು ಬೂಷ್ಟು ಹಿಡಿದಿದ್ರೆ ಮಿಲ್‌ನವರು ತಗೊಳ್ಳಲ್ಲ. ಆಮೇಲೆ ಈ ಕವರ್ ಆಟೋ ಟಿಪ್ಪರಿಗೆ, ಅಲ್ಲಿಂದ ಕಾಂಪ್ಯಾಕ್ಟರ್ ಲಾರಿಗೆ ಹೋಗತ್ತೆ. ಕಾಂಪ್ಯಾಕ್ಟರ್ ಕೆಲಸಾನೇ ಒತ್ತಿ ಹಿಂಡೋದು. ಹಿಂಡಿದಾಗ ಸಾರಿನ ನೀರು ಎಲ್ಲಾದಕ್ಕೂ ಇಳಿಯತ್ತೆ.

ಹಸಿ ಕಸದ ಕಡೆಯಿಂದ ನೋಡಿದ್ರೂ ನಷ್ಟಾನೇ. ಮಿಕ್ಸ್ ಆದ ಕಸದಿಂದ ಗೊಬ್ಬರ ಮಾಡೋ ಘಟಕಗಳಲ್ಲಿ ದೊಡ್ಡ ತಿರುಗೋ ಜರಡಿ ಇರತ್ತೆ, ಅದರಲ್ಲಿ ದೊಡ್ಡ ದೊಡ್ಡ ಪ್ಲಾಸ್ಟಿಕ್ ಹೊರಗೆ ಹೋಗತ್ತೆ ನಿಜ, ಆದ್ರೆ ಗಾಜಿನ ಚೂರು, ಶಾಂಪೂ ಸ್ಯಾಶೆಯ ತುಂಡು, ರಿಮೋಟ್ ಸೆಲ್ಲಿನಿಂದ ಸೋರಿದ ಲೋಹ ಇವೆಲ್ಲ ಗೊಬ್ಬರದಲ್ಲೇ ಉಳಿಯತ್ತೆ. ಹೊಲದಲ್ಲಿ ಬರಿಗಾಲಲ್ಲಿ ಓಡಾಡೋ ರೈತ ಅಂಥ ಗೊಬ್ಬರ ಯಾಕೆ ತಗೋತಾನೆ ಹೇಳಿ.

ಆವಾಗ ಉಳಿಯೋ ದಾರಿ ಒಂದೇ, ಊರಾಚೆ ಗುಡ್ಡೆ ಹಾಕೋದು. ಅಲ್ಲಿ ಏನಾಗತ್ತೆ ಅನ್ನೋದು ಗೊತ್ತಿರ್ಲಿ. ಹಳ್ಳಿ ಮನೆ ಹಿತ್ತಲಲ್ಲಿ ತಿಪ್ಪೆ ಇರ್ತಿತ್ತಲ್ಲ, ಅದು ಅಷ್ಟೇನೂ ನಾರ್ತಿರಲಿಲ್ಲ, ಯಾಕಂದ್ರೆ ಸಗಣಿ, ಹುಲ್ಲು, ಬೂದಿ, ತರಗು ಎಲ್ಲಾ ಸಡಿಲವಾಗಿ ಬಿದ್ದಿರ್ತಿತ್ತು, ಗಾಳಿ ಆಡ್ತಿತ್ತು. ನಗರದ ಕಸದ ಗುಡ್ಡೇಲಿ ಪ್ಲಾಸ್ಟಿಕ್ ಕವರುಗಳ ಮಧ್ಯೆ ಸಿಕ್ಕಿಹಾಕ್ಕೊಂಡ ಅನ್ನಕ್ಕೆ ತರಕಾರಿಗೆ ಗಾಳಿ ಸಿಗಲ್ಲ. ಗಾಳಿ ಇಲ್ಲದೆ ಕೊಳೆತಾಗ ಮೀಥೇನ್ ಅನಿಲ ಹುಟ್ಟತ್ತೆ. ಇದು ಹೊತ್ಕೊಳ್ಳೋ ಅನಿಲ, ಕಸದ ಗುಡ್ಡೆಗಳಲ್ಲಿ ಬೆಂಕಿ ಬಿದ್ದು ದಿನಗಟ್ಟಲೆ ಆರದೇ ಇರೋಕೆ ಇದೂ ಒಂದು ಕಾರಣ. ಭೂಮಿ ಬಿಸಿ ಮಾಡೋದ್ರಲ್ಲಿ ನೂರು ವರ್ಷದ ಲೆಕ್ಕ ಹಾಕಿದ್ರೆ ಇಂಗಾಲದ ಡೈಆಕ್ಸೈಡಿಗಿಂತ ಇದು 25 ಪಟ್ಟಿಗೂ ಹೆಚ್ಚು ಜೋರು. ಇನ್ನೊಂದು, ಗುಡ್ಡೆಯಿಂದ ಒಸರೋ ಕಪ್ಪು ನೀರು, ಇದಕ್ಕೆ ಲೀಚೇಟ್ ಅಂತಾರೆ, ಅದು ನೆಲಕ್ಕೆ ಇಳಿದು ಬಾವಿ ಬೋರ್‌ವೆಲ್‌ಗೆ ಸೇರತ್ತೆ.

ಇದನ್ನೆಲ್ಲ ಅನುಭವಿಸಿದೋರು ಇದ್ದಾರೆ. ಬೆಂಗಳೂರಿನ ಕಸ ವರ್ಷಗಟ್ಟಲೆ ಊರಾಚೆಯ ಹಳ್ಳಿಗಳಾದ ಮಾವಳ್ಳಿಪುರಕ್ಕೆ, ಮಂಡೂರಿಗೆ ಹೋಗ್ತಿತ್ತು. 2012ರಲ್ಲಿ ಮಾವಳ್ಳಿಪುರ ಮುಚ್ಚಿದಾಗ ನಗರದ ಬೀದಿಬೀದೀಲಿ ಕಸ ಉಳೀತು, ಹೊರೆಯೆಲ್ಲ ಮಂಡೂರಿನ ಮೇಲೆ ಬಿತ್ತು. ಮಂಡೂರಿನ ಜನ ರಸ್ತೆಗಿಳಿದು ಹೋರಾಡಿದ್ರು, ಕೊನೆಗೆ 2014ರ ಡಿಸೆಂಬರ್‌ನಿಂದ ಅಲ್ಲಿಗೆ ಲಾರಿ ಹೋಗೋದು ನಿಂತಿತು. ಮಂಗಳೂರಲ್ಲಿ 2019ರ ಆಗಸ್ಟ್ ಮಳೇಲಿ ಪಚ್ಚನಾಡಿಯ ಕಸದ ಗುಡ್ಡೇನೇ ಜಾರಿ ಕೆಳಗಿದ್ದ ಮಂದಾರದ ಮನೆ, ಅಡಿಕೆ ತೋಟದ ಮೇಲೆ ಹರೀತು. ಫೋಟೋದಲ್ಲಿ ಅಡಿಕೆ ಮರಗಳು ಕಸದಲ್ಲಿ ಸೊಂಟದವರೆಗೆ ಹೂತು ನಿಂತಿರೋದು ನೋಡಿದ ಮೇಲೆ ನನಗೆ "ಕಸ ಹೊರಗೆ ಹಾಕೋದು" ಅನ್ನೋ ಮಾತು ಮೊದಲಿನ ಹಾಗೆ ಕೇಳಿಸಲ್ಲ. ಆ ಹೊರಗೆ ಅನ್ನೋದು ಯಾರದೋ ತೋಟ.

ಎರಡು ಡಬ್ಬ, ಒಂದು ಚೀಲ

ಬೆಂಗಳೂರಲ್ಲಿ ಇದಕ್ಕೆ ಟು ಬಿನ್ ಒನ್ ಬ್ಯಾಗ್ ಅಂತಾರೆ. 2015ರ ಡಿಸೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ಇದೇ ಪದ್ಧತೀಲಿ ಕಸ ಬೇರೆ ಮಾಡಬೇಕು ಅಂತ ಆದೇಶ ಮಾಡ್ತು, ಮಾರನೇ ವರ್ಷ ಕೇಂದ್ರದ ಘನತ್ಯಾಜ್ಯ ನಿಯಮ 2016 ಬಂದು ಇಡೀ ದೇಶಕ್ಕೇ ಮನೇಲೇ ಬೇರೆ ಮಾಡೋದು ಕಡ್ಡಾಯ ಆಯ್ತು. ಹಸಿರು ಡಬ್ಬ ಹಸಿ ಕಸಕ್ಕೆ, ಕೆಂಪು ಡಬ್ಬ ಡೈಪರ್ ಪ್ಯಾಡ್ ಥರದ್ದಕ್ಕೆ, ಒಂದು ದೊಡ್ಡ ಚೀಲ ಒಣ ಕಸಕ್ಕೆ. ಒಣ ಕಸಕ್ಕೆ ಡಬ್ಬ ಬೇಕಾಗಿಲ್ಲ, ಅದು ನಾರಲ್ಲ ಸೋರಲ್ಲ, ಅಕ್ಕಿ ಚೀಲಾನೇ ಸಾಕು, ಬಾಲ್ಕನೀಲಿ ನೇತುಹಾಕಿ. ಬಣ್ಣ ಬೇರೆ ಊರಲ್ಲಿ ಬೇರೆ ಇರಬಹುದು, ಹಸಿ ಕಸಕ್ಕೆ ಹಸಿರು, ಒಣ ಕಸಕ್ಕೆ ನೀಲಿ ಅನ್ನೋ ಕಡೇನೂ ಇದೆ, ನಿಮ್ಮೂರಿನ ಗಾಡಿಯವರನ್ನೇ ಒಂದ್ಸಲ ಕೇಳ್ಕೊಳ್ಳಿ. ಬಣ್ಣಕ್ಕಿಂತ ಮುಖ್ಯ ಒಂದಕ್ಕೊಂದು ತಾಗದೇ ಇರೋದು.

ಹಸಿ ಕಸ: ಮಣ್ಣಿಗೆ ಹೋಗೋದು

ಹಸಿ ಅಂದ ತಕ್ಷಣ ಒದ್ದೆ ಇರೋದು ಅಂದ್ಕೋಬೇಡಿ, ಇಲ್ಲೇ ತುಂಬಾ ಜನ ಎಡವೋದು. ಒಣಗಿದ ಚಪಾತಿ, ಒಣಗಿದ ಹೂವಿನ ಹಾರ, ಮೊಟ್ಟೆ ಸಿಪ್ಪೆ, ಈರುಳ್ಳಿ ಸಿಪ್ಪೆ, ಕಡ್ಲೆಕಾಯಿ ಸಿಪ್ಪೆ ಮುಟ್ಟಿದ್ರೆ ಒಣಾನೇ, ಆದ್ರೂ ಇವು ಹಸಿ ಕಸ. ನೀರು ತುಂಬಿದ ಪ್ಲಾಸ್ಟಿಕ್ ಬಾಟ್ಲಿ ಒದ್ದೆಯಾಗಿದ್ರೂ ಒಣ ಕಸಾನೇ, ನೀರು ಚೆಲ್ಲಿ ಚೀಲಕ್ಕೆ ಹಾಕೋದು ಅಷ್ಟೆ. ಹಸಿ ಕಸ ಅಂದ್ರೆ ಕೊಳೆತು ಮಣ್ಣಾಗೋದು. ನಮ್ಮ ಊರುಗಳ ಮನೆ ಕಸದಲ್ಲಿ ಅರ್ಧಕ್ಕಿಂತ ಜಾಸ್ತಿ ಇದೇ, ಸೊಪ್ಪು ತರಕಾರಿ ಬಿಡಿಸಿ ಅಡುಗೆ ಮಾಡೋ ಮನೆಗಳಲ್ಲಿ ಹಾಗಾಗೋದು ಸಹಜ. ಅಂದ್ರೆ ಇದೊಂದನ್ನ ಸರಿಯಾಗಿ ಬೇರೆ ಇಟ್ರೆ ಅರ್ಧ ಸಮಸ್ಯೆ ಅಲ್ಲೇ ಮುಗಿದಂಗೆ.

ಅನುಮಾನ ಬರೋವು ಕೆಲವಿದೆ. ಕಾಫಿ ಚರಟ, ಟೀ ಸೊಪ್ಪು ಹಸಿ ಕಸ. ಟೀ ಬ್ಯಾಗ್ ಆದ್ರೆ ಪಿನ್, ದಾರ, ಲೇಬಲ್ ತೆಗೀರಿ, ಕೆಲವು ಬ್ಯಾಗುಗಳ ಬಟ್ಟೇನೇ ಪ್ಲಾಸ್ಟಿಕ್ ಇರತ್ತೆ, ಅಂಥದ್ದನ್ನ ಕತ್ತರಿಸಿ ಸೊಪ್ಪು ಮಾತ್ರ ಹಾಕಿ. ಹೂವಿನ ಹಾರದಲ್ಲಿ ಬಾಳೆನಾರಿದ್ರೆ ಹಾಗೇ ಹಾಕಬಹುದು, ನೈಲಾನ್ ದಾರ, ಜರಿ, ಥರ್ಮೋಕೋಲ್ ಮಣಿ ಇದ್ರೆ ಕಿತ್ತು ಹಾಕಿ. ಊಟದ ಬಾಳೆಎಲೆ, ಮುತ್ತುಗದೆಲೆ, ಅಡಿಕೆ ಹಾಳೆ ತಟ್ಟೆ ಹಸಿ ಕಸ, ಆದ್ರೆ ಬೆಳ್ಳಿ ಬಣ್ಣದ ಹಾಳೆ ಅಂಟಿಸಿರೋ ಪೇಪರ್ ತಟ್ಟೆ ಅಲ್ಲ. ಕೈ ಒರೆಸಿದ, ಎಣ್ಣೆ ಒರೆಸಿದ ಪೇಪರ್ ಟಿಶ್ಯೂ ಹಸಿ ಕಸಕ್ಕೆ ಹಾಕಬಹುದು, ಆದ್ರೆ ವೆಟ್ ವೈಪ್ಸ್ ಹಾಕಂಗಿಲ್ಲ, ಅದರಲ್ಲಿ ಹೆಚ್ಚಿನವು ಪ್ಲಾಸ್ಟಿಕ್ ನಾರಿನ ಬಟ್ಟೆ. ಮೀನಿನ ಮುಳ್ಳು, ಕೋಳಿ ಮೂಳೆ ಗಾಡಿಗೆ ಕೊಡೋದಾದ್ರೆ ಹಸಿ ಕಸದಲ್ಲೇ ಕೊಡಿ, ಮನೆ ಕುಂಡದಲ್ಲಿ ಗೊಬ್ಬರ ಮಾಡೋಕೆ ಹಾಕಬೇಡಿ, ವಾಸನೆಗೆ ಇಲಿ ಬೆಕ್ಕು ಬರತ್ತೆ.

ತೆಂಗಿನ ಚಿಪ್ಪು, ಎಳನೀರು ಬುರುಡೆ ವಿಷಯಕ್ಕೆ ಬರೋಣ. ಪ್ರಕೃತಿಯದ್ದೇ, ಮಣ್ಣಾಗತ್ತೆ, ಆದ್ರೆ ತುಂಬಾ ನಿಧಾನ. ಸಿಪ್ಪೆ ಸೊಪ್ಪು ಒಂದೂವರೆ ಎರಡು ತಿಂಗಳಲ್ಲಿ ಗೊಬ್ಬರ ಆದ್ರೆ ಚಿಪ್ಪಿಗೆ ವರ್ಷಗಳೇ ಬೇಕು, ಅಷ್ಟೂ ದಿನ ಗೊಬ್ಬರದ ಮಿಷಿನ್ ಬ್ಲೇಡಿಗೆ ಸಿಕ್ಕಿ ತೊಂದ್ರೆ ಕೊಡತ್ತೆ. ಹಾಗಾಗಿ ಅದನ್ನ ಬೇರೆ ಒಂದು ಕಡೆ ಒಣಗಿಸಿಟ್ಟು ಬೇರೆಯಾಗೇ ಕೊಡೋದು ಒಳ್ಳೇದು, ಹಳ್ಳಿ ಮನೇಲಾದ್ರೆ ಹಂಡೆ ಒಲೆಗೆ ಹೋಗ್ತಿತ್ತು, ಚಿಪ್ಪಿಗೆ ಈಗಲೂ ಇದ್ದಿಲು ಮಾಡೋರ ಹತ್ರ ಬೆಲೆ ಇದೆ.

ಇನ್ನೊಂದು ಮಾತು, ಹಸಿ ಕಸದ ಡಬ್ಬದೊಳಗೆ ಪ್ಲಾಸ್ಟಿಕ್ ಕವರ್ ಹಾಕಬೇಡಿ. ಡಬ್ಬ ಗಲೀಜಾಗತ್ತೆ ಅಂತ ಕವರ್ ಹಾಕಿ ಗಂಟು ಕಟ್ಟಿ ಕೊಡ್ತೀವಿ, ಆ ಗಂಟನ್ನ ಬಿಚ್ಚಿ ಒಳಗಿಂದು ಸುರಿದು ಕವರ್ ಬೇರೆ ಮಾಡೋ ಕೆಲಸ ಗಾಡಿ ಹಿಂದೆ ನಿಂತಿರೋ ಅಕ್ಕನ ಕೈಗೆ ಬೀಳತ್ತೆ, ದಿನಕ್ಕೆ ನೂರಾರು ಮನೆ. ತಳಕ್ಕೆ ಒಂದು ಹಾಳೆ ನ್ಯೂಸ್‌ಪೇಪರ್ ಹಾಸಿ ಸಾಕು, ಅದು ಕಸದ ಜೊತೆಗೇ ಮಣ್ಣಾಗತ್ತೆ. ನೀರು ಬಸಿಯೋಕೆ ಸಿಂಕಲ್ಲಿ ಒಂದು ಜರಡಿ ಇಟ್ಕೊಳ್ಳಿ, ಸಾರು ಮಜ್ಜಿಗೆ ಸೋಸಿ ಗಟ್ಟಿ ಮಾತ್ರ ಡಬ್ಬಕ್ಕೆ ಹಾಕಿದ್ರೆ ಅರ್ಧ ವಾಸನೆ ಕಮ್ಮಿ.

ಮನೇಲೇ ಗೊಬ್ಬರ ಆಗೋದು ಹೇಗೆ

ದೋಸೆ ಹಿಟ್ಟು ರಾತ್ರಿ ಇಟ್ರೆ ಬೆಳಿಗ್ಗೆ ಉಬ್ಬಿರತ್ತಲ್ಲ, ಅಲ್ಲಿ ಕೆಲಸ ಮಾಡಿದ್ದು ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು. ಗೊಬ್ಬರದಲ್ಲೂ ಕೆಲಸದೋರು ಅಂಥವರೇ, ನಾವು ಮಾಡೋದು ಅವರಿಗೆ ಬೇಕಾದ್ದು ಒದಗಿಸೋದು ಅಷ್ಟೆ. ಅವಕ್ಕೆ ಬೇಕಾಗಿರೋದು ಊಟ, ನೀರು, ಗಾಳಿ. ಊಟದಲ್ಲಿ ಎರಡು ಬಗೆ: ಸಾರಜನಕ ಹೆಚ್ಚಿರೋ ಹಸಿ ಪದಾರ್ಥ, ಅಂದ್ರೆ ಸಿಪ್ಪೆ ಸೊಪ್ಪು ಅನ್ನ, ಮತ್ತೆ ಇಂಗಾಲ ಹೆಚ್ಚಿರೋ ಒಣ ಪದಾರ್ಥ, ಅಂದ್ರೆ ತರಗೆಲೆ, ತೆಂಗಿನ ನಾರಿನ ಪುಡಿ, ಮರದ ಹೊಟ್ಟು. ಸಾರಜನಕ ಒಂದು ಪಾಲಿದ್ರೆ ಇಂಗಾಲ 25ರಿಂದ 30 ಪಾಲು ಇರಬೇಕು ಅಂತ ಲೆಕ್ಕ. ಈ ಲೆಕ್ಕ ಕೇಳಿ ಹೆದರಬೇಡಿ, ತರಕಾರಿ ಸಿಪ್ಪೇಲೂ ಇಂಗಾಲ ಇದ್ದೇ ಇರತ್ತೆ, ಹಾಗಾಗಿ ಒಂದು ಬಟ್ಟಲು ಹಸಿ ಕಸಕ್ಕೆ ಸುಮಾರು ಒಂದು ಬಟ್ಟಲು ಪುಡಿ ಮಾಡಿದ ತರಗೆಲೆ ಅಂತ ಶುರು ಮಾಡಿ, ಆಮೇಲೆ ಒದ್ದೆ ಅನ್ನಿಸಿದ್ರೆ ಜಾಸ್ತಿ ಮಾಡಿ, ಒಣಗಿದೆ ಅನ್ನಿಸಿದ್ರೆ ಕಮ್ಮಿ ಮಾಡಿ. ಹುಳಿಗೆ ಬೇಳೆ ಹದ ಗೊತ್ತಾಗೋ ಹಾಗೇ ಇದೂ ಕೈಗೆ ಬಂದುಬಿಡತ್ತೆ.

ಮಣ್ಣಿನ ಕುಂಡ ಆದ್ರೆ ಚೆನ್ನಾಗಿರತ್ತೆ, ಅದು ತಾನೇ ಉಸಿರಾಡತ್ತೆ. ಹಳೇ ಪ್ಲಾಸ್ಟಿಕ್ ಬಕೆಟ್ ಆದ್ರೆ ಸುತ್ತ ಮತ್ತು ತಳದಲ್ಲಿ ತೂತು ಮಾಡಿ. ತಳಕ್ಕೆ ನಾಲ್ಕು ಬೆರಳು ತರಗೆಲೆ ಹಾಕಿ, ಮೇಲೆ ಆವತ್ತಿನ ಹಸಿ ಕಸ ಸಣ್ಣಗೆ ಹೆಚ್ಚಿ ಹಾಕಿ, ಅದರ ಮೇಲೆ ಒಂದು ಹಿಡಿ ಹಳೇ ಗೊಬ್ಬರ ಅಥವಾ ಒಂದು ಲೋಟ ಹುಳಿ ಮಜ್ಜಿಗೆ ಚಿಮುಕಿಸಿ, ಇದು ಹಾಲಿಗೆ ಹೆಪ್ಪು ಹಾಕಿದ ಹಾಗೆ. ಮೇಲೆ ಮತ್ತೆ ತರಗು ಮುಚ್ಚಿ. ದಿನಾ ಹೀಗೇ ಪದರ ಪದರ. ಮೂರ್ನಾಲ್ಕು ದಿನಕ್ಕೊಂದ್ಸಲ ಕೋಲಲ್ಲಿ ತಿರುವಿ, ಗಾಳಿ ಆಡ್ಲಿ. ಕುಂಡ ತುಂಬಿದ ಮೇಲೆ ಮುಚ್ಚಿಟ್ಟು ಇನ್ನೊಂದು ಕುಂಡ ಶುರು ಮಾಡಿ. ಒಂದೂವರೆ ಎರಡು ತಿಂಗಳಿಗೆ ಮೊದಲನೇದು ಕಪ್ಪಗೆ ಪುಡಿಪುಡಿಯಾಗಿರತ್ತೆ, ಮೂಗಿಗೆ ಹಿಡಿದ್ರೆ ಮೊದಲ ಮಳೆ ಬಿದ್ದ ಮಣ್ಣಿನ ವಾಸನೆ ಬರತ್ತೆ. ಆ ವಾಸನೆ ಬಂದ್ರೆ ಆಯ್ತು ಅಂತ ಅರ್ಥ.

ನೀರಿನ ಹದ ನೋಡೋಕೆ ಒಂದು ಹಿಡಿ ಕೈಲಿ ಹಿಂಡಿ, ಒಗೆದು ಹಿಂಡಿದ ಬಟ್ಟೆಯಷ್ಟು ತೇವ ಇರಬೇಕು, ನೀರು ತೊಟ್ಟಿಕ್ಕಬಾರದು. ತೊಟ್ಟಿಕ್ಕಿದ್ರೆ ಗಾಳಿ ಇರಬೇಕಾದ ಜಾಗದಲ್ಲಿ ನೀರು ಕೂತಿದೆ, ಆಗ ಕೊಳೆತ ಮೊಟ್ಟೆ ವಾಸನೆ ಬರತ್ತೆ. ತರಗು ಹಾಕಿ ತಿರುವಿ, ಎರಡು ದಿನದಲ್ಲಿ ಸರಿಹೋಗತ್ತೆ. ಮೂಗಿಗೆ ಚುರ್ ಅನ್ನೋ ಅಮೋನಿಯಾ ಘಾಟು ಬಂದ್ರೆ ಹಸಿ ಜಾಸ್ತಿ ಆಯ್ತು ಅಂತ, ಅದಕ್ಕೂ ತರಗೇ ಔಷಧಿ. ಏನೂ ಆಗದೆ ಹಾಗೇ ಕೂತಿದ್ರೆ ನೀರು ಕಮ್ಮಿ, ಸ್ವಲ್ಪ ಚಿಮುಕಿಸಿ.

ಹುಳ ಬಂತು ಅಂತ ಹೆದರಿ ಬಿಟ್ಟುಬಿಡೋರೇ ಜಾಸ್ತಿ. ನಮ್ಮ ಅಮ್ಮಾನೂ ಮೊದಲನೇ ತಿಂಗಳು ಅದನ್ನ ನೋಡಿ ಕುಂಡ ಎತ್ತಿ ಆಚೆ ಹಾಕು ಅಂದಿದ್ರು. ಬೂದು ಬಣ್ಣದ ದಪ್ಪ ಹುಳಗಳು ಸಾಮಾನ್ಯವಾಗಿ ಬ್ಲ್ಯಾಕ್ ಸೋಲ್ಜರ್ ಫ್ಲೈ ಅನ್ನೋ ನೊಣದ ಮರಿಗಳು, ಅವು ಕಚ್ಚಲ್ಲ, ರೋಗ ತರಲ್ಲ, ಗೊಬ್ಬರದ ಕೆಲಸ ಬೇಗ ಮುಗಿಸಿಕೊಡ್ತವೆ. ಕಣ್ಣಿಗೆ ಆಗಲ್ಲ ಅಂದ್ರೆ ತರಗು ದಪ್ಪಗೆ ಮುಚ್ಚಿ, ತೇವ ಕಮ್ಮಿ ಮಾಡಿ, ಕಮ್ಮಿಯಾಗ್ತವೆ. ಈಗ ಅಮ್ಮನೇ ದಾಸವಾಳಕ್ಕೆ ಆ ಗೊಬ್ಬರ ಹಾಕ್ತಾರೆ. ನೋಡಿ ಕಲೀಬೇಕು ಅನ್ನೋರು ಎಚ್‌ಎಸ್‌ಆರ್ ಲೇಔಟ್‌ನ ಸ್ವಚ್ಛಾಗ್ರಹ ಕಲಿಕಾ ಕೇಂದ್ರಕ್ಕೆ ಹೋಗಿ ಬನ್ನಿ, ಬೇರೆಬೇರೆ ಥರದ ಗೊಬ್ಬರದ ಡಬ್ಬ ಅಲ್ಲಿ ಎದುರಿಗೇ ಇಟ್ಟಿದ್ದಾರೆ.

ಒಣ ಕಸ: ಮತ್ತೆ ವಸ್ತು ಆಗೋದು

ಬೆಂಗಳೂರಲ್ಲಿ ವಾರ್ಡುಗಳಲ್ಲಿ ಒಣ ಕಸ ಸಂಗ್ರಹಣಾ ಕೇಂದ್ರ ಅಂತ ಇವೆ. ಇವುಗಳಲ್ಲಿ ಎಷ್ಟೋ ಕೇಂದ್ರಗಳನ್ನ ನಡೆಸೋರು ಮೊದಲು ಬೀದೀಲಿ ಚಿಂದಿ ಆಯ್ತಿದ್ದವರೇ, ಹಸಿರು ದಳದಂಥ ಸಂಸ್ಥೆಗಳು ಅವರ ಜೊತೆ ಕೆಲಸ ಮಾಡಿವೆ. ನಾನು ಒಂದ್ಸಲ ಅಂಥ ಕೇಂದ್ರದಲ್ಲಿ ಅರ್ಧ ದಿನ ಕೂತಿದ್ದೆ. ಶೆಡ್ಡಿನ ಮಧ್ಯೆ ಗುಡ್ಡೆ, ಸುತ್ತ ನಾಲ್ಕೈದು ಹೆಂಗಸರು, ಒಬ್ಬೊಬ್ಬರ ಹಿಂದೆ ಹತ್ತಾರು ಚೀಲ. ಪ್ಲಾಸ್ಟಿಕ್ಕನ್ನೇ ಎಷ್ಟು ಥರ ಬೇರೆ ಮಾಡ್ತಾರೆ ಅಂದ್ರೆ ಕೈಲಿ ಹಿಸುಕಿದ ಸದ್ದಲ್ಲೇ ಇದು ಯಾವುದು ಅಂತ ಹೇಳ್ತಾರೆ. ಅಷ್ಟರಲ್ಲಿ ಒಂದು ಕವರ್ ಬಿಚ್ಚಿದ್ರು, ಒಳಗೆ ಪೇಪರ್ ಬಾಟ್ಲಿ ಜೊತೆ ಮಗು ಡೈಪರ್. ಆ ಅಕ್ಕ ಏನೂ ಮಾತಾಡ್ಲಿಲ್ಲ, ಪಕ್ಕಕ್ಕೆ ಇಟ್ಟು ಕೈ ಒರೆಸ್ಕೊಂಡು ಮುಂದಿನ ಕವರ್ ತಗೊಂಡ್ರು. ನನಗೆ ಅದು ಇವತ್ತಿಗೂ ಕಣ್ಣಲ್ಲೇ ಇದೆ. ಒಣ ಕಸದ ನಿಯಮ ಎಲ್ಲ ಆ ಕೈಯನ್ನ ನೆನೆಸ್ಕೊಂಡ್ರೆ ತಾನಾಗೇ ಅರ್ಥ ಆಗತ್ತೆ.

ಮೊದಲನೇದು, ಊಟ ಅಂಟಿರೋದನ್ನ ತೊಳೆದು ಕೊಡಿ. ಪಾತ್ರೆ ತೊಳೆದ ಕೊನೇ ನೀರಲ್ಲೇ ಒಂದ್ಸಲ ಅಲ್ಲಾಡಿಸಿದ್ರೆ ಸಾಕು, ಸೋಪು ಹಾಕಿ ಉಜ್ಜೋದು ಬೇಡ. ಹಾಲು ಮೊಸರಿನ ಕವರ್ ತೊಳೆದು ಸಿಂಕ್ ಮೇಲಿನ ಟೈಲ್ಸಿಗೆ ಅಂಟಿಸಿಬಿಡಿ, ಸಂಜೆಗೆ ಒಣಗಿ ತಾನೇ ಉದುರತ್ತೆ. ಕವರಿನ ಮೂಲೆ ಕತ್ತರಿಸುವಾಗ ಪೂರ್ತಿ ಕತ್ತರಿಸಬೇಡಿ, ಸ್ವಲ್ಪ ಅಂಟ್ಕೊಂಡಿರೋ ಹಾಗೆ ಬಿಡಿ. ಆ ಉಗುರಷ್ಟು ತುಂಡನ್ನ ಯಾರೂ ಆಯೋಕಾಗಲ್ಲ, ಸೀದಾ ಚರಂಡಿಗೆ ಕೆರೆಗೆ ಸೇರತ್ತೆ. ಕವರ್ ಜೊತೆಗೇ ಇದ್ರೆ ಅದೂ ಗುಜರಿಗೆ ಹೋಗತ್ತೆ.

ಪೇಪರ್, ರಟ್ಟು, ಪುಸ್ತಕ ಒಣಗಿರಬೇಕು. ಪಿಜ್ಜಾ ಡಬ್ಬದಲ್ಲಿ ಎಣ್ಣೆ ಹತ್ತಿದ ತಳ ಹರಿದು ಹಸಿ ಕಸಕ್ಕೆ ಹಾಕಿ, ಚೊಕ್ಕ ಇರೋ ಮುಚ್ಚಳ ಒಣ ಕಸಕ್ಕೆ. ಅಂಗಡಿ ಬಿಲ್ಲು, ಎಟಿಎಂ ಚೀಟಿ ನುಣುಪಾಗಿರತ್ತಲ್ಲ, ಅದಕ್ಕೆ ರಾಸಾಯನಿಕದ ಲೇಪ ಇರತ್ತೆ, ಅದು ಕಾಗದದ ಜೊತೆ ಸೇರಬಾರದು, ಕೆಂಪು ಡಬ್ಬಕ್ಕೆ ಹಾಕಿ. ಪೇಪರ್ ಕಪ್ ಹೆಸರಿಗೆ ಪೇಪರ್, ಒಳಗೆ ತೆಳ್ಳಗೆ ಪ್ಲಾಸ್ಟಿಕ್ ಪದರ ಇರತ್ತೆ, ಅದಿಲ್ಲದಿದ್ರೆ ಕಾಫಿ ಸೋರಿಹೋಗ್ತಿತ್ತು, ಹಾಗಾಗಿ ಅದು ಮಣ್ಣಿಗೆ ಹೋಗಲ್ಲ. ಜ್ಯೂಸ್ ಬರೋ ಟೆಟ್ರಾ ಪ್ಯಾಕಲ್ಲೂ ಮುಕ್ಕಾಲು ಪಾಲು ರಟ್ಟು, ಉಳಿದದ್ದು ಪ್ಲಾಸ್ಟಿಕ್ ಮತ್ತೆ ಅಲ್ಯೂಮಿನಿಯಂ, ಅದನ್ನ ಬೇರೆ ಮಾಡೋ ಘಟಕಗಳಿವೆ, ತೊಳೆದು ಚಪ್ಪಟೆ ಮಾಡಿ ಒಣ ಕಸಕ್ಕೆ ಕೊಡಿ.

ಪ್ಲಾಸ್ಟಿಕ್ ತಳದಲ್ಲಿ ತ್ರಿಕೋನದೊಳಗೆ 1ರಿಂದ 7ರವರೆಗೆ ಅಂಕಿ ಇರತ್ತೆ. ತ್ರಿಕೋನ ಇದ್ರೆ ರೀಸೈಕಲ್ ಆಗೇ ಆಗತ್ತೆ ಅಂತ ಅರ್ಥ ಅಲ್ಲ, ಅದು ಯಾವ ಜಾತಿ ಪ್ಲಾಸ್ಟಿಕ್ ಅಂತ ಹೇಳೋ ಗುರುತು ಮಾತ್ರ. 1 ಅಂದ್ರೆ ನೀರಿನ ಬಾಟ್ಲಿಯ ಪೆಟ್, 2 ಅಂದ್ರೆ ಶಾಂಪೂ ಫಿನಾಯಿಲ್ ಡಬ್ಬದ ಗಟ್ಟಿ ಪ್ಲಾಸ್ಟಿಕ್, 4 ಹಾಲಿನ ಕವರಿನ ಥರದ್ದು, 5 ಪಾರ್ಸೆಲ್ ಊಟದ ಡಬ್ಬ. ಇವಕ್ಕೆಲ್ಲ ಗುಜರೀಲಿ ಬೆಲೆ ಇದೆ. 6 ಅಂದ್ರೆ ಥರ್ಮೋಕೋಲ್ ಜಾತಿ, ಅದರಲ್ಲಿ ಹೆಚ್ಚುಕಮ್ಮಿ ಎಲ್ಲಾ ಗಾಳೀನೇ, ಒಂದು ಲಾರಿ ತುಂಬಿದ್ರೂ ತೂಕ ಬರಲ್ಲ, ಸಾಗಿಸೋ ಖರ್ಚೂ ಹುಟ್ಟಲ್ಲ. ಚಿಪ್ಸ್, ಬಿಸ್ಕತ್ತು ಪ್ಯಾಕೆಟ್ಟಿನ ಒಳಗೆ ಬೆಳ್ಳಿ ಥರ ಹೊಳೆಯತ್ತಲ್ಲ, ಅದು ಪ್ಲಾಸ್ಟಿಕ್ ಮೇಲೆ ಲೋಹದ ಲೇಪ, ಒಂದರ ಮೇಲೊಂದು ಪದರ ಅಂಟಿಸಿರ್ತಾರೆ. ಪದರ ಬಿಡಿಸೋಕೆ ಆಗಲ್ಲ, ಹಾಗಾಗಿ ಹೊಸ ಪ್ಯಾಕೆಟ್ ಆಗಲ್ಲ, ಹೆಚ್ಚಿನದು ಸಿಮೆಂಟ್ ಕಾರ್ಖಾನೆ ಗೂಡಿಗೆ ಇಂಧನ ಆಗಿ ಹೋಗತ್ತೆ. ಹಾಗಂತ ಹಸಿ ಕಸಕ್ಕೆ ಹಾಕೋದಲ್ಲ, ಒಣ ಕಸದಲ್ಲೇ ಕೊಡಿ, ತರೋದು ಕಮ್ಮಿ ಮಾಡಿದ್ರೆ ಇನ್ನೂ ಒಳ್ಳೇದು.

ಲೋಹ, ಗಾಜು ಎಷ್ಟು ಸಲ ಕರಗಿಸಿದ್ರೂ ಗುಣ ಕೆಡಲ್ಲ. ಹಳೇ ಅಲ್ಯೂಮಿನಿಯಂ ಕರಗಿಸಿ ಹೊಸದು ಮಾಡಿದ್ರೆ ಅದಿರಿನಿಂದ ಮಾಡೋದಕ್ಕಿಂತ ಶೇಕಡಾ 95ರಷ್ಟು ಶಕ್ತಿ ಉಳಿಯತ್ತೆ ಅಂತ ಲೆಕ್ಕ. ಒಡೆದ ಗಾಜು ಮಾತ್ರ ದಪ್ಪ ಪೇಪರಲ್ಲಿ ಸುತ್ತಿ, ಮೇಲೆ "ಗಾಜು" ಅಂತ ಬರೆದು, ಬೇರೆಯಾಗಿ ಕೈಗೇ ಕೊಡಿ.

ಇನ್ನು ಕವರ್ ಮೇಲೆ "ಕಾಂಪೋಸ್ಟಬಲ್" ಅಂತ ಬರೆದಿದ್ರೆ? ಮುಸುಕಿನ ಜೋಳದ ಗಂಜಿಯಂಥದ್ದರಿಂದ ಮಾಡಿದ ಕವರುಗಳಿವೆ ನಿಜ, ಆದ್ರೆ ಅವು ಕರಗಬೇಕಾದ್ರೆ ದೊಡ್ಡ ಗೊಬ್ಬರದ ಘಟಕದಲ್ಲಿರೋ ಅಷ್ಟು ಬಿಸಿ ಬೇಕು, ಸುಮಾರು 55-60 ಡಿಗ್ರಿ. ನಿಮ್ಮ ಬಾಲ್ಕನಿ ಕುಂಡ ಬೆಚ್ಚಗಾಗತ್ತೆ, ಅಷ್ಟು ಬಿಸಿಯಾಗಲ್ಲ. ಪ್ಲಾಸ್ಟಿಕ್ ಜೊತೆ ಹೋದ್ರೆ ಆ ಪ್ಲಾಸ್ಟಿಕ್ಕೂ ಕೆಡತ್ತೆ. ಬಟ್ಟೆ ಚೀಲ ಸುಲಭ.

ಮೂರನೇ ಡಬ್ಬ

ಸ್ಯಾನಿಟರಿ ಪ್ಯಾಡ್, ಡೈಪರ್, ಗಾಯದ ಬ್ಯಾಂಡೇಜ್, ಕಾಂಡೋಮ್, ಉಗುರು ಕೂದಲು, ಮನೆ ಗುಡಿಸಿದ ದೂಳು, ಸಿಗರೇಟ್ ತುಂಡು ಇವೆಲ್ಲ ಕೆಂಪು ಡಬ್ಬಕ್ಕೆ. ಪ್ಯಾಡ್, ಡೈಪರ್ ಒಳಗೆ ನೀರು ಕುಡಿದು ಜೆಲ್ ಆಗೋ ಪುಡಿ, ಸುತ್ತ ಪ್ಲಾಸ್ಟಿಕ್ ಹಾಳೆ ಇರತ್ತೆ, ಮಣ್ಣಿಗೂ ಆಗಲ್ಲ ಗುಜರಿಗೂ ಆಗಲ್ಲ, ಜೊತೆಗೆ ರಕ್ತ ಮಲದಿಂದ ರೋಗ ಹರಡೋ ಭಯ. ಡೈಪರಲ್ಲಿರೋ ಮಲ ಟಾಯ್ಲೆಟ್ಟಿಗೆ ಹಾಕಿ, ಆಮೇಲೆ ಸುತ್ತಿ ನ್ಯೂಸ್‌ಪೇಪರಲ್ಲಿ ಕಟ್ಟಿ, ಮೇಲೆ ಕೆಂಪು ಪೆನ್ನಿನಲ್ಲಿ ಒಂದು ದೊಡ್ಡ ಚುಕ್ಕೆ ಇಡಿ. ಆ ಚುಕ್ಕೆ ನೋಡಿದ್ರೆ ಗಾಡಿಯವರಿಗೆ ಬಿಚ್ಚಬಾರದು ಅಂತ ಗೊತ್ತಾಗತ್ತೆ. ಕಮೋಡಿಗೆ ಹಾಕಿ ಫ್ಲಶ್ ಮಾಡೋದು ಬೇಡವೇ ಬೇಡ, ಪೈಪಿನಲ್ಲಿ ಉಬ್ಬಿ ಕಟ್ಕೊಳ್ಳತ್ತೆ, ಆಮೇಲೆ ಅದನ್ನ ತೆಗೆಯೋಕೆ ಒಬ್ಬ ಮನುಷ್ಯ ಮ್ಯಾನ್‌ಹೋಲ್ ಹತ್ರ ಬರಬೇಕಾಗತ್ತೆ.

ಇದರಲ್ಲೇ ಇನ್ನೊಂದು ಗುಂಪಿದೆ, ಅಪಾಯದ ವಸ್ತುಗಳು. ಟ್ಯೂಬ್‌ಲೈಟ್, ಸಿಎಫ್‌ಎಲ್ ಬಲ್ಬಲ್ಲಿ ಪಾದರಸ ಇರತ್ತೆ, ಒಡೀಬಾರದು, ಒಡೆದ್ರೆ ಕಿಟಕಿ ತೆಗೆದು ಸ್ವಲ್ಪ ಹೊತ್ತು ಆಚೆ ಹೋಗಿ. ಪೇಂಟ್, ಸೊಳ್ಳೆ ಜಿರಳೆ ಔಷಧಿ ಡಬ್ಬ, ಹಳೇ ಮಾತ್ರೆ, ಇನ್ಸುಲಿನ್ ಸೂಜಿ ಇವೂ ಇದೇ ಗುಂಪಿನವು. ಸೂಜಿಯನ್ನ ಗಟ್ಟಿ ಪ್ಲಾಸ್ಟಿಕ್ ಬಾಟ್ಲಿಗೆ ಹಾಕಿ ಮುಚ್ಚಳ ಬಿಗಿ ಮಾಡಿ ಕೊಡಿ. ಮೊಬೈಲ್, ಚಾರ್ಜರ್, ಇಯರ್‌ಫೋನ್, ಬ್ಯಾಟರಿಗಳನ್ನ ಒಂದು ಡಬ್ಬದಲ್ಲಿ ಕೂಡಿಟ್ಟು ಇ-ವೇಸ್ಟ್ ತಗೊಳ್ಳೋ ಕಡೆ ಕೊಡಿ. ಮೊಬೈಲಿನ ಲಿಥಿಯಂ ಬ್ಯಾಟರಿ ಕಾಂಪ್ಯಾಕ್ಟರಲ್ಲಿ ಜಜ್ಜಿದ್ರೆ ಅಲ್ಲೇ ಬೆಂಕಿ ಹೊತ್ತತ್ತೆ, ಹಾಗಾಗಿ ಇದೊಂದನ್ನ ಮಾತ್ರ ಮರೆತೂ ಸಾಮಾನ್ಯ ಕಸಕ್ಕೆ ಹಾಕಬೇಡಿ.

"ಗಾಡಿಯವರೇ ಎಲ್ಲಾ ಸೇರಿಸ್ತಾರಲ್ಲ?"

ಕೆಲವು ಕಡೆ ಸೇರಿಸ್ತಾರೆ, ನಾನೂ ನೋಡಿದ್ದೀನಿ, ಕಷ್ಟಪಟ್ಟು ಬೇರೆ ಮಾಡಿದ್ದು ಕಣ್ಣೆದುರೇ ಒಂದಾದ್ರೆ ಹೊಟ್ಟೆ ಉರಿಯತ್ತೆ. ಆದ್ರೆ ಯಾಕೆ ಸೇರಿಸ್ತಾರೆ ಅಂತ ನಿಂತು ಕೇಳಿದ್ರೆ ಗೊತ್ತಾಗತ್ತೆ, ಬೀದೀಲಿ ಐವತ್ತು ಮನೇಲಿ ಮೂವತ್ತು ಮಿಕ್ಸ್ ಕೊಟ್ರೆ ಉಳಿದ ಇಪ್ಪತ್ತನ್ನ ಬೇರೆ ಇಡೋಕೆ ಗಾಡೀಲಿ ಜಾಗಾನೂ ಇರಲ್ಲ, ಸಮಯಾನೂ ಇರಲ್ಲ. ಎಷ್ಟೋ ಬಡಾವಣೇಲಿ ಹಸಿ ಕಸ ದಿನಾ, ಒಣ ಕಸ ವಾರಕ್ಕೆ ಒಂದೆರಡು ದಿನ ಮಾತ್ರ ಬೇರೆಯಾಗಿ ತಗೋತಾರೆ, ಆ ದಿನ ಯಾವ್ದು ಅಂತ ತಿಳ್ಕೊಂಡು ಆವತ್ತೇ ಚೀಲ ಕೊಟ್ರೆ ಸೇರಿಹೋಗೋ ಪ್ರಶ್ನೇನೇ ಬರಲ್ಲ. ನಮ್ಮ ಬೀದೀಲಿ ಹೀಗೇ ಸರಿಹೋಗಿದ್ದು. ಅಷ್ಟಾದ್ರೂ ಒಣ ಕಸ ಗಾಡಿಗೆ ಕೊಡೋಕೆ ಮನಸ್ಸು ಬರಲ್ಲ ಅಂದ್ರೆ ರದ್ದಿ ಅಂಗಡಿಗೇ ಕೊಡಿ, ಹಸಿ ಕಸ ಮನೇಲೇ ಗೊಬ್ಬರ ಮಾಡಿ, ಆಗ ಗಾಡಿಗೆ ಹೋಗೋದು ಕೆಂಪು ಡಬ್ಬದ್ದು ಮಾತ್ರ.

ಸುಡೋದೊಂದು ಬೇಡ. ತರಗೆಲೆ ಜೊತೆ ನಾಲ್ಕು ಪ್ಲಾಸ್ಟಿಕ್ ಸೇರಿಸಿ ಬೆಳಿಗ್ಗೆ ಬೆಂಕಿ ಹಾಕ್ತಾರಲ್ಲ, ಆ ಹೊಗೇಲಿ ಡಯಾಕ್ಸಿನ್‌ನಂಥ ವಿಷ ಇರತ್ತೆ, ಅದನ್ನ ಮೊದಲು ಕುಡಿಯೋದು ಅದೇ ಬೀದಿ ಮಕ್ಕಳು. ತರಗಂತೂ ಗೊಬ್ಬರದೋರಿಗೆ ಚಿನ್ನ, ಚೀಲ ತುಂಬಿಟ್ರೆ ಯಾರಾದ್ರೂ ಬಂದು ತಗೊಂಡು ಹೋಗ್ತಾರೆ.

ಹಬ್ಬದ ಮಾರನೇ ದಿನ

ಆಯುಧಪೂಜೆ ಮಾರನೇ ದಿನ ಬೆಂಗಳೂರಿನ ಯಾವ ರಸ್ತೆ ನೋಡಿದ್ರೂ ಒಡೆದ ಬೂದುಗುಂಬಳ, ಬಾಡಿದ ಬಾಳೆಕಂದು, ಮಾವಿನ ಸೊಪ್ಪು. ಇವೆಲ್ಲಾ ಚಿನ್ನದಂಥ ಹಸಿ ಕಸ. ಬಾಳೆಕಂದು ಹಾಗೇ ಇಟ್ರೆ ಟಿಪ್ಪರಲ್ಲಿ ಹಿಡಿಯಲ್ಲ, ಗೇಣುದ್ದಕ್ಕೆ ಕತ್ತರಿಸಿ ಕಟ್ಟಿಡಿ, ಕಟ್ಟೋಕೆ ಅದರದ್ದೇ ನಾರು ಸಾಕು. ಕುಂಬಳದ ಒಳಗೆ ಹಾಕಿದ ಕಾಸು ತೆಗೆದಿಟ್ಕೊಳ್ಳಿ, ಕುಂಕುಮ ಇದ್ರೆ ಪರವಾಗಿಲ್ಲ. ಹೂವಿನಿಂದ ದಾರ ಬಿಡಿಸೋ ಕೆಲಸ ಮಕ್ಕಳಿಗೆ ಕೊಡಿ, ನಮ್ಮನೆ ಚಿಕ್ಕವಳು ಅದನ್ನ ಆಟದ ಥರ ಮಾಡ್ತಾಳೆ, ಹೋದ್ಸಲದ ಚೆಂಡುಹೂವು ಪೂರ್ತಿ ನಮ್ಮ ಕುಂಡಕ್ಕೇ ಹೋಯ್ತು. ಸಂಕ್ರಾಂತಿ ಹೊತ್ತಿಗೆ ಆ ಗೊಬ್ಬರದಲ್ಲಿ ಉಳಿದಿದ್ದ ಬೀಜದಿಂದ ತಾನಾಗೇ ಮೂರು ಗಿಡ ಎದ್ದಿದ್ವು.